ಕ್ಷಮೆ ಸಿಕ್ಕಿದ ಮೇಲೂ ಬಿತ್ತಿದ್ದನ್ನು ಕೊಯ್ಯಲೇಬೇಕೆ?

ಭಾನುವಾರದ ಟೀಚರ್

ಎಲ್ಲರಿಗೂ ವಂದನೆ. ಸಂಡೇ ಸ್ಕೂಲಿನಲ್ಲಿ ಹದಿಹರೆಯದ ಮಕ್ಕಳಿಗೆ ಪಾಠ ಮಾಡುವವಳು ನಾನು. ಒಂದು ವಾರ ಬೈಬಲಿನ ಮೀಕ 7:19 ಹೇಳಿಕೊಡುತ್ತೇವೆ: ದೇವರು ನಮ್ಮ ಪಾಪಗಳನ್ನೆಲ್ಲ ಸಮುದ್ರದ ತಳಕ್ಕೆ ಎಸೆದುಬಿಡುತ್ತಾನೆ. ಮುಂದಿನ ವಾರ ಪೌಲ ಬರೆದ ಗಲಾತ್ಯ 6:7: ಮನುಷ್ಯನು ತಾನು ಏನು ಬಿತ್ತುತ್ತಾನೋ ಅದನ್ನೇ ಕೊಯ್ಯಬೇಕು. ಎರಡನ್ನೂ ಬಾಯಿಪಾಠ ಮಾಡಿಸುತ್ತೇವೆ. ಎರಡೂ ಒಟ್ಟಿಗೆ ನಿಲ್ಲುವುದು ಹೇಗೆಂದು ಮಾತ್ರ ಹೇಳಿಕೊಡುವುದಿಲ್ಲ. ತಳ ಸೇರಿದ ಪಾಪ ಮತ್ತೆ ಮೊಳಕೆ ಒಡೆಯುವುದು ಹೇಗೆ?

ದಯವಿಟ್ಟು ದೇವರ ಮಾರ್ಗಗಳು ಅಗಮ್ಯ ಎಂದು ಕೈತೊಳೆದುಕೊಳ್ಳಬೇಡಿ. ಆ ಉತ್ತರವನ್ನು ಮಕ್ಕಳು ಚೆನ್ನಾಗಿ ಬಲ್ಲರು, ಅದರ ಅರ್ಥ ಟೀಚರಿಗೆ ಗೊತ್ತಿಲ್ಲ ಎಂದೇ.

ಕಡೆಯ ಬೆಂಚು

ಮಾಡಿದ್ದುಣ್ಣೋ ಮಹಾರಾಯ. ನಮ್ಮ ಹಿರಿಯರು ಪೌಲನ ಪತ್ರ ಓದದೆಯೇ ಹೇಳಿಬಿಟ್ಟಿದ್ದಾರೆ. ಇದಕ್ಕೆ ಇಷ್ಟು ದೊಡ್ಡ ಚರ್ಚೆ ಬೇಕೆ?

ಹಳೆಯ ಸುರುಳಿ

ಬೇಕು ಸ್ವಾಮಿ. ಗಾದೆಯಲ್ಲಿ ಕ್ಷಮಿಸುವವನು ಯಾರೂ ಇಲ್ಲ. ಟೀಚರ್ ಅಕ್ಕ ಕೇಳುತ್ತಿರುವುದು ಕ್ಷಮಿಸುವವನು ಬಂದ ಮೇಲಿನ ಕಥೆ.

ಅಕ್ಕ, ಮಕ್ಕಳಿಗೆ ಅರಣ್ಯಕಾಂಡ 14ನ್ನು ತೆರೆದು ಕೊಡಿ. ದೇವರು ಕೊಡುವೆನೆಂದ ಕಾನಾನ್ ದೇಶವನ್ನು ನೋಡಿಬಂದ ಗೂಢಚಾರರ ಮಾತು ಕೇಳಿ ಇಸ್ರಾಯೇಲ್ ಜನರು ಗುಣುಗುಟ್ಟುತ್ತಾರೆ, ಐಗುಪ್ತಕ್ಕೇ ಹಿಂದಿರುಗೋಣ ಎನ್ನುತ್ತಾರೆ. ಮೋಶೆ ಅವರ ಪರವಾಗಿ ಬೇಡಿಕೊಳ್ಳುತ್ತಾನೆ. 20ನೆಯ ವಚನದಲ್ಲಿ ದೇವರು, ನಿನ್ನ ಮಾತಿನಂತೆ ಕ್ಷಮಿಸಿದ್ದೇನೆ ಎನ್ನುತ್ತಾನೆ. 23ನೆಯ ವಚನಕ್ಕೆ ಬರುವಷ್ಟರಲ್ಲಿ, ಇವರು ಆ ದೇಶವನ್ನು ನೋಡುವುದೇ ಇಲ್ಲ ಎನ್ನುತ್ತಾನೆ. ದೇಶವನ್ನು ಸಂಚರಿಸಿ ನೋಡಿದ 40 ದಿನಗಳಿಗೆ ದಿನಕ್ಕೊಂದು ವರ್ಷದಂತೆ 40 ವರ್ಷ ಅಡವಿಯ ಅಲೆದಾಟ. ಕ್ಷಮೆಗೂ ಫಲಕ್ಕೂ ನಡುವೆ ಎರಡೇ ವಚನಗಳು.

ಹಾಗಾದರೆ ಕ್ಷಮೆಯಿಂದ ಸಿಕ್ಕಿದ್ದೇನು? 12ನೆಯ ವಚನ ನೋಡಿ. ಇವರನ್ನು ಅಳಿಸಿಹಾಕಿ ನಿನ್ನಿಂದಲೇ ಬೇರೆ ಜನಾಂಗವನ್ನು ಹುಟ್ಟಿಸುತ್ತೇನೆ ಎಂದು ದೇವರು ಮೋಶೆಗೆ ಹೇಳಿದ್ದ. ಆ ಮಾತು ನಿಂತುಹೋಯಿತು. ಮನ್ನ ಬೀಳುವುದು ನಿಲ್ಲಲಿಲ್ಲ, ಮೇಘಸ್ತಂಭ ಅವರನ್ನು ಬಿಟ್ಟು ಹೋಗಲಿಲ್ಲ. ಆ ತಲೆಮಾರು ದೇವರ ಜನವಾಗಿಯೇ ಉಳಿಯಿತು, ಕಾನಾನ್ ಮಾತ್ರ ಕೈತಪ್ಪಿತು.

ಈ ಅಧ್ಯಾಯದ ಕೊನೆಯನ್ನು ಬಹಳ ಜನ ಓದದೆ ಬಿಡುತ್ತಾರೆ. ಮರುದಿನ ಬೆಳಿಗ್ಗೆ ಅದೇ ಜನರು ಎದ್ದು, ನಾವು ಪಾಪ ಮಾಡಿದೆವು, ಈಗ ಹೋಗುತ್ತೇವೆ ಎಂದು ಬೆಟ್ಟ ಹತ್ತುತ್ತಾರೆ. ಮೋಶೆ ಬೇಡವೆನ್ನುತ್ತಾನೆ, ಕೇಳುವುದಿಲ್ಲ. ಹೊರ್ಮಾದವರೆಗೆ ಅಟ್ಟಿಸಿಕೊಂಡು ಬಂದು ಹೊಡೆಯುತ್ತಾರೆ ಅಮಾಲೇಕ್ಯರು ಮತ್ತು ಕಾನಾನ್ಯರು. ಪಶ್ಚಾತ್ತಾಪ ಪಟ್ಟೆನಲ್ಲ, ಇನ್ನು ಎಲ್ಲವೂ ಮೊದಲಿನಂತೆ ಆಗಲೇಬೇಕು ಎಂಬ ಹಟಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಜಪಮಣಿ

ನನಗೆ ಇದಕ್ಕಿಂತಲೂ ಹತ್ತಿರದ್ದು ಶಿಲುಬೆಯ ಮೇಲಿನ ಕಳ್ಳ. ನಮಗೆ ಬಂದಿರುವುದು ನ್ಯಾಯವೇ, ನಾವು ಮಾಡಿದ್ದಕ್ಕೆ ತಕ್ಕ ಫಲವನ್ನು ಅನುಭವಿಸುತ್ತಿದ್ದೇವೆ ಎಂದು ಅವನೇ ಒಪ್ಪಿಕೊಳ್ಳುತ್ತಾನೆ (ಲೂಕ 23:41). ಎರಡು ವಚನಗಳಾದ ಮೇಲೆ ಪರದೈಸಿನ ಮಾತು ಸಿಗುತ್ತದೆ. ಆದರೆ ಯಾರೂ ಅವನನ್ನು ಮರದಿಂದ ಕೆಳಗಿಳಿಸಲಿಲ್ಲ. ಪಕ್ಕದಲ್ಲಿದ್ದವನು ದೇವಕುಮಾರನಾದರೂ ಮೊಳೆ ಸಡಿಲವಾಗಲಿಲ್ಲ. ಸಂಜೆ ಸೈನಿಕರು ಬಂದು ಅವನ ಕಾಲುಗಳನ್ನೂ ಮುರಿದರು (ಯೋಹಾನ 19:32). ಅತ್ಯಂತ ಪೂರ್ಣವಾದ ಕ್ಷಮೆಯನ್ನು ಪಡೆದ ಮನುಷ್ಯನ ದೇಹದ ಮೇಲೆ ಅದೇ ಸಂಜೆ ನಡೆದದ್ದು ಇದು.

ನಮ್ಮ ಕಥೋಲಿಕ ಧರ್ಮಸಭೆ ಇದನ್ನು ಬಿಡಿಸಿ ಹೇಳುತ್ತದೆ. 1992ರಲ್ಲಿ ಹೊರಬಂದ ಧರ್ಮೋಪದೇಶದ 1459ನೆಯ ಪರಿಚ್ಛೇದದ ಪ್ರಕಾರ ಪಾಪವಿಮೋಚನೆ ಪಾಪವನ್ನು ತೆಗೆಯುತ್ತದೆ, ಪಾಪ ಉಂಟುಮಾಡಿದ ಅಸ್ತವ್ಯಸ್ತವನ್ನೆಲ್ಲ ಸರಿಪಡಿಸುವುದಿಲ್ಲ. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು, ಆದ ಗಾಯಕ್ಕೆ ಪರಿಹಾರ ಕೊಡಬೇಕು. ಪಾಪನಿವೇದನೆಯ ಪೀಠದಿಂದ ಎದ್ದು ಬಂದ ಮೇಲೆ ಕೆಲಸ ಶುರುವಾಗುತ್ತದೆ.

ಕಡೆಯ ಬೆಂಚು

ಮುಂದಿನ ಪರಿಚ್ಛೇದಗಳಲ್ಲಿ ತಾತ್ಕಾಲಿಕ ಶಿಕ್ಷೆ, ಸತ್ತ ಮೇಲೆ ಆತ್ಮ ಶುದ್ಧವಾಗುವ ಶುದ್ಧೀಕರಣ ಸ್ಥಳ, ಆ ಶಿಕ್ಷೆಯನ್ನು ಮನ್ನಾ ಮಾಡುವ ದಂಡವಿಮೋಚನೆ ಎಲ್ಲವೂ ಬರುತ್ತವೆ. 1517ರಲ್ಲಿ ಲೂಥರ್ ಅಲ್ಲಿಯೇ ಜಗಳ ತೆಗೆದದ್ದು. ಈ ದಾರಿಗೆ ಇಳಿದರೆ ಟೀಚರ್ ಅಕ್ಕನ ಪ್ರಶ್ನೆ ಮುಳುಗಿಹೋಗುತ್ತದೆ, ಎಚ್ಚರಿಕೆ.

ಜಪಮಣಿ

ಇಳಿಯುವುದಿಲ್ಲ. ಆದರೆ ಅದೇ ಲೂಥರ್ ಅವರ 95ರಲ್ಲಿ ಮೊದಲನೆಯ ಪ್ರಮೇಯವೇ, ವಿಶ್ವಾಸಿಯ ಇಡೀ ಬಾಳು ಪಶ್ಚಾತ್ತಾಪವಾಗಿರಬೇಕು ಎಂದು. ಒಂದು ಪ್ರಾರ್ಥನೆ ಹೇಳಿ ಎದ್ದು ಹೋಗುವ ವ್ಯವಹಾರ ಎಂದು ಅವರೂ ಹೇಳಲಿಲ್ಲ.

ಸಂದೇಹಿ ತೋಮ

ನೀವಿಬ್ಬರೂ ಸುಲಭದ ಉದಾಹರಣೆಗಳನ್ನು ಆರಿಸಿಕೊಂಡಿದ್ದೀರಿ. ಕಳ್ಳ ಕದ್ದ, ಕಳ್ಳನೇ ಸತ್ತ. ಲೆಕ್ಕ ಸರಿಹೋಯಿತು. ಊರೀಯನ ಹೆಂಡತಿ ಬತ್ಷೆಬೆಯನ್ನು ಕರೆಸಿಕೊಂಡು ಊರೀಯನನ್ನು ಕೊಲ್ಲಿಸಿದ ಅರಸ ದಾವೀದನ ಕಥೆಯನ್ನು ಯಾರೂ ಏಕೆ ತೆಗೆಯಲಿಲ್ಲ?

2 ಸಮುವೇಲ 12:13. ನಾನು ಪಾಪ ಮಾಡಿದ್ದೇನೆ ಎನ್ನುತ್ತಾನೆ ದಾವೀದ. ನಿನ್ನ ಪಾಪವನ್ನು ಕರ್ತನು ಪರಿಹರಿಸಿದ್ದಾನೆ, ನೀನು ಸಾಯುವುದಿಲ್ಲ ಎನ್ನುತ್ತಾನೆ ಪ್ರವಾದಿ ನಾತಾನ. ಮರುವಚನದಲ್ಲಿ ಮಗು ಸಾಯುವುದೆಂಬ ತೀರ್ಪು. ಮುಂದೆ ಮಗಳು ತಾಮಾರಳ ಮೇಲೆ ಮಗ ಅಮ್ನೋನನ ಅತ್ಯಾಚಾರ, ಆ ಅಮ್ನೋನನ ಕೊಲೆ, ಇನ್ನೊಬ್ಬ ಮಗ ಅಬ್ಷಾಲೋಮನ ದಂಗೆ, ಹತ್ತು ಮಂದಿ ಉಪಪತ್ನಿಯರ ಮಾನಭಂಗ. ಬಿತ್ತಿದವನು ದಾವೀದ, ಕೊಯ್ದವರು ಯಾರು? ದಾವೀದ ಹಾಸಿಗೆಯ ಮೇಲೆ ಮುಪ್ಪಿನಿಂದ ಸತ್ತ. ಇದು ನ್ಯಾಯದ ನಿಯಮವಾದರೆ ತುಂಬಾ ಗುರಿ ತಪ್ಪುವ ನಿಯಮ.

ಹಳೆಯ ಸುರುಳಿ

ತೋಮ ಅವರೇ, ಮಗುವಿನ ಸಾವನ್ನು ವಿವರಿಸಲು ನಾನು ಹೋಗುವುದಿಲ್ಲ. ಅದನ್ನು ಅಚ್ಚುಕಟ್ಟಾಗಿ ವಿವರಿಸುವವರನ್ನು ಕಂಡರೆ ನನಗೆ ಭಯ. ಉಳಿದದ್ದರ ಬಗ್ಗೆ ಮಾತನಾಡಬಹುದು, ಏಕೆಂದರೆ ಅಲ್ಲಿ ಫಲ ಹೇಗೆ ಹಣ್ಣಾಗುತ್ತದೆಂದು ಗ್ರಂಥಕರ್ತ ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತಾನೆ. ಆಕಾಶದಿಂದ ಸಿಡಿಲು ಬೀಳುವುದಿಲ್ಲ. ಎಲ್ಲವೂ ಮನೆಯೊಳಗೆ, ಮನುಷ್ಯರ ಕೈಯಿಂದಲೇ ನಡೆಯುತ್ತದೆ.

ಮೊದಲು ಆ ಪತ್ರ. ಊರೀಯನನ್ನು ಘೋರ ಯುದ್ಧದ ಮುಂಭಾಗದಲ್ಲಿ ನಿಲ್ಲಿಸಿ ನೀವು ಹಿಂದೆ ಸರಿಯಿರಿ ಎಂದು ದಾವೀದ ತನ್ನ ಸೇನಾಪತಿ ಯೋವಾಬನಿಗೆ ಬರೆದು, ಊರೀಯನ ಕೈಯಲ್ಲಿಯೇ ಕೊಟ್ಟು ಕಳುಹಿಸುತ್ತಾನೆ (11:14-15). ತನ್ನ ಮರಣದಂಡನೆಯನ್ನು ತಾನೇ ಹೊತ್ತು ನಡೆದ ಊರೀಯ ಆ ಹಾಳೆಯನ್ನು ಬಿಚ್ಚಿ ನೋಡಲಿಲ್ಲ, ನಿಷ್ಠೆ ಅಂಥದ್ದು. ಪತ್ರ ಓದಿದವನು ಯೋವಾಬ. ಅಂದಿನಿಂದ ಸೇನಾಪತಿಯ ಬಳಿ ಅರಸನ ಗುಟ್ಟು ಇದೆ. ಅಬ್ಷಾಲೋಮನಿಗೆ ಏನೂ ಮಾಡಬೇಡಿರಿ ಎಂದು ಎಲ್ಲರೆದುರು ಅಪ್ಪಣೆ ಕೊಟ್ಟರೂ ಮರಕ್ಕೆ ಸಿಕ್ಕಿ ನೇತಾಡುತ್ತಿದ್ದ ಅವನ ಎದೆಗೆ ಯೋವಾಬ ಈಟಿ ಚುಚ್ಚುತ್ತಾನೆ, ಅರಸ ಏನೂ ಮಾಡಲಾರದೆ ಹೋಗುತ್ತಾನೆ. ಸಾಯುವ ಮುನ್ನ ಸೊಲೊಮೋನನನ್ನು ಕರೆದು ಯೋವಾಬನ ವಿಚಾರ ನೀನು ನೋಡಿಕೋ ಎನ್ನುತ್ತಾನೆ (1 ಅರಸುಗಳು 2:5-6). ತನ್ನ ಕಾಲದಲ್ಲಿ ಮುಟ್ಟಲಾಗದವನನ್ನು ಮಗನಿಗೆ ದಾಟಿಸಿದ. ಆ ಪತ್ರದ ಜೊತೆಗೆ ಬೇರೆ ಕಾರಣಗಳೂ ಇದ್ದವು, ಯೋವಾಬ ಮೊದಲೇ ಸೌಲನ ಸೇನಾಪತಿ ಅಬ್ನೇರನನ್ನು ಕೊಂದಿದ್ದ. ಆದರೂ ಹಾಳೆಯ ಭಾರ ಕಡಿಮೆಯದಲ್ಲ ಎಂದೇ ನನ್ನ ಓದು.

ಇನ್ನು ಮಕ್ಕಳು. ಅಮ್ನೋನ ಮಾಡಿದ್ದನ್ನು ಕೇಳಿ ದಾವೀದ ಬಹಳ ಕೋಪಗೊಂಡ ಎಂದಿದೆ (13:21). ಕೋಪಗೊಂಡು ಏನು ಮಾಡಿದ? ಏನೂ ಇಲ್ಲ. ಬೇರೊಬ್ಬನ ಹೆಂಡತಿಯನ್ನು ಕರೆಸಿಕೊಂಡ ತಂದೆ ಮಗನ ಎದುರು ಯಾವ ಬಾಯಿಂದ ನ್ಯಾಯ ಹೇಳಬೇಕು? ತಂದೆ ಸುಮ್ಮನಿದ್ದುದರಿಂದ ಅಣ್ಣ ಅಬ್ಷಾಲೋಮ ನ್ಯಾಯವನ್ನು ತಾನೇ ಕೈಗೆತ್ತಿಕೊಂಡ, ಎರಡು ವರ್ಷ ಕಾದು ಕುರಿಗಳ ಉಣ್ಣೆ ಕತ್ತರಿಸುವ ಸಂಭ್ರಮದಲ್ಲಿ ಅಮ್ನೋನನನ್ನು ಕೊಲ್ಲಿಸಿದ. ಮುಂದೆ ದಂಗೆಯೆದ್ದು ಅರಮನೆಯ ಮಾಳಿಗೆಯ ಮೇಲೆ ಗುಡಾರ ಹಾಕಿಸಿದ (16:22). ದಾವೀದ ಸಂಜೆ ತಿರುಗಾಡುತ್ತ ಸ್ನಾನ ಮಾಡುವ ಹೆಂಗಸನ್ನು ಕಂಡದ್ದೂ ಅರಮನೆಯ ಮಾಳಿಗೆಯಿಂದಲೇ (11:2).

ಇನ್ನೊಂದು ಸಂಗತಿ. ನಾತಾನ ಹೇಳಿದ ಕಥೆಯಲ್ಲಿ ಬಡವನ ಕುರಿಮರಿಯನ್ನು ಕಿತ್ತುಕೊಂಡವನಿಗೆ ದಾವೀದನೇ ಶಿಕ್ಷೆ ಹೇಳುತ್ತಾನೆ: ಒಂದಕ್ಕೆ ನಾಲ್ಕು ಕೊಡಬೇಕು. ವಿಮೋಚನಕಾಂಡ 22:1ರ ಕಾನೂನೂ ಅದೇ. ಆ ಮಗು, ಅಮ್ನೋನ, ಅಬ್ಷಾಲೋಮ, ಕೊನೆಗೆ ಮತ್ತೊಬ್ಬ ಮಗ ಅದೋನೀಯ. ನಾಲ್ಕನ್ನು ಎಣಿಸುವ ವ್ಯಾಖ್ಯಾನಕಾರರು ಹಿಂದಿನಿಂದಲೂ ಇದ್ದಾರೆ. ಎಣಿಕೆಯನ್ನು ಗ್ರಂಥ ತಾನಾಗಿ ಮಾಡುವುದಿಲ್ಲ, ಅಷ್ಟು ನೆನಪಿರಲಿ.

ಸಂದೇಹಿ ತೋಮ

ಓದು ಚೆನ್ನಾಗಿದೆ. ನನ್ನ ಪ್ರಶ್ನೆ ಹಾಗೆಯೇ ಇದೆ. ತಾಮಾರಳು ಏನು ಬಿತ್ತಿದ್ದಳು? ತಂದೆಯೇ ಅವಳನ್ನು ಅಮ್ನೋನನ ಮನೆಗೆ ಕಳುಹಿಸಿದ (13:7). ಅವಳು ಅಣ್ಣನ ಮನೆಯಲ್ಲಿ ಹಾಳುಬಿದ್ದವಳಾಗಿ ಉಳಿದಳು ಎಂದು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ.

ಹಳೆಯ ಸುರುಳಿ

ಏನೂ ಬಿತ್ತಿರಲಿಲ್ಲ. ಆ ವಾಕ್ಯವನ್ನು ಗ್ರಂಥಕರ್ತ ನುಂಗಿಕೊಳ್ಳದೆ ಬರೆದಿಟ್ಟ ಎಂಬುದಷ್ಟೇ ನಾನು ಹೇಳಬಲ್ಲೆ. ಮತ್ತಾಯನೂ ಹೀಗೆಯೇ. ಯೇಸುವಿನ ವಂಶಾವಳಿಯಲ್ಲಿ ದಾವೀದನ ಸಾಲಿಗೆ ಬಂದಾಗ ಬತ್ಷೆಬೆ ಎಂದು ಬರೆದು ಮುಂದೆ ಹೋಗಬಹುದಿತ್ತು. ಅವನು ಬರೆದದ್ದು ಊರೀಯನ ಹೆಂಡತಿಯಾಗಿದ್ದವಳು ಎಂದು (1:6). ಸಾವಿರ ವರ್ಷಗಳ ಹತ್ತಿರ ಕಳೆದಿತ್ತು, ದಾವೀದನಿಗೆ ಕ್ಷಮೆಯಾಗಿತ್ತು, ಆ ಮದುವೆಯಿಂದಲೇ ಸೊಲೊಮೋನನೂ ಮೆಸ್ಸೀಯನ ಸಂತತಿಯೂ ಬಂದಿತ್ತು. ಆದರೂ ಸತ್ತವನ ಹೆಸರು ಅಲ್ಲಿ ಉಳಿಯಿತು. ದೇವರು ಪಾಪವನ್ನು ನೆನಪಿಸಿಕೊಳ್ಳುವುದಿಲ್ಲ ಎಂಬುದಕ್ಕೆ ಬಲಿಯಾದವರನ್ನು ಮರೆಯುತ್ತಾನೆ ಎಂದು ಅರ್ಥ ಮಾಡುವವರಿಗೆ ಈ ವಚನವನ್ನು ತೋರಿಸಬೇಕು.

ಹೆಸರು ಬೇಡ

ಈ ಚರ್ಚೆಯನ್ನು ಓದುತ್ತಿದ್ದೆ, ಬರೆಯುವ ಯೋಚನೆ ಇರಲಿಲ್ಲ. ತಾಮಾರಳ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ತಂದೆ ಕುಡಿಯುತ್ತಿದ್ದರು, ಹೊಡೆಯುತ್ತಿದ್ದರು. ನಾನು ದೊಡ್ಡವಳಾದ ಮೇಲೆ ಬಿಟ್ಟರು. ನಿಜವಾಗಿಯೂ ಬಿಟ್ಟರು, ಅದರಲ್ಲಿ ನನಗೆ ಅನುಮಾನವಿಲ್ಲ. ಈಗ ಸಭೆಯಲ್ಲಿ ಅವರು ಸಾಕ್ಷಿ ಹೇಳಿದಾಗ ಜನರು ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಮಾತ್ರ ರಾತ್ರಿ ಚಿಲಕದ ಸದ್ದಾದರೆ ಇವತ್ತಿಗೂ ಎರಡೂ ಭುಜಗಳು ಕಿವಿಯವರೆಗೆ ಏರುತ್ತವೆ. ಬಂದವನು ನನ್ನ ಗಂಡನೆಂದು ಗೊತ್ತಿದ್ದರೂ ಏರುತ್ತವೆ. ನನ್ನ ಮಗಳು ಅದನ್ನು ಗಮನಿಸಿ ತಾನೂ ಹಾಗೆ ಮಾಡುವುದನ್ನು ಕಲಿತಿದ್ದಾಳೆ.

ತಂದೆಯ ಸಾಕ್ಷಿಯಲ್ಲಿ ನಾವು ಬರುತ್ತೇವೆ, ಅವರು ಕಳೆದುಕೊಂಡು ಮತ್ತೆ ಪಡೆದ ಕುಟುಂಬವಾಗಿ. ಚಿಲಕ ಬರುವುದಿಲ್ಲ.

ವಿಜಯಧ್ವಜ

ಸಹೋದರಿ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಇಬ್ರಿಯ 12:15 ಕಹಿಯಾದ ಬೇರಿನ ಬಗ್ಗೆ ಎಚ್ಚರಿಸುತ್ತದೆ. ದೇವರೇ ಕ್ಷಮಿಸಿದ ಮೇಲೆ ನೀವು ಹಳೆಯದನ್ನು ಕೆದಕುವುದು ಸರಿಯಲ್ಲ. ಕ್ರಿಸ್ತನಲ್ಲಿ ಹಳೆಯವೆಲ್ಲವೂ ಹೋಗಿಬಿಟ್ಟವು.

ಭಾನುವಾರದ ಟೀಚರ್

ವಿಜಯಧ್ವಜ ಅಣ್ಣ, ಅವರು ತಂದೆಯನ್ನು ಕ್ಷಮಿಸಿಲ್ಲ ಎಂದು ಎಲ್ಲಿ ಬರೆದಿದ್ದಾರೆ? ಚಿಲಕದ ಸದ್ದಿಗೆ ಭುಜ ಏರುತ್ತದೆ ಎಂದಿದ್ದಾರೆ. ಅದು ಮನಸ್ಸು ಕೇಳಿ ಮಾಡುವ ಕೆಲಸವಲ್ಲ. ದೇಹ ಕಲಿತದ್ದನ್ನು ವಚನ ಹೇಳಿ ಗದರಿಸಿದರೆ ಹೋಗುತ್ತದೆಯೆ?

ಸಭೆಯ ಹಿರಿಯ

ಮಗಳೇ, ನಿಮ್ಮ ಬರಹವನ್ನು ಓದಿದೆ. ಸಭೆಗಳಲ್ಲಿ ಸಾಕ್ಷಿ ಏರ್ಪಡಿಸುವ ನಮ್ಮಂಥವರು ಇದನ್ನು ಓದಬೇಕು. ವೇದಿಕೆ ಹತ್ತುವವನನ್ನು ಮಾತ್ರ ಕೇಳುತ್ತೇವೆ, ಕೆಳಗೆ ಕೂತ ಮನೆಯವರನ್ನು ಕೇಳುವುದಿಲ್ಲ.

ಬಹಳ ವರ್ಷಗಳಿಂದ ಸಭೆಯ ಮನಸ್ತಾಪಗಳನ್ನು ಬಗೆಹರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಮ್ಮೆ ಒಬ್ಬರು ಬಂದು, ಜೊತೆಗೆ ಕೆಲಸ ಮಾಡುವವನ ಮೇಲೆ ಹಣ ತಿಂದನೆಂಬ ಸುಳ್ಳು ಹಬ್ಬಿಸಿದ್ದೆ, ಈಗ ಮನಸ್ಸು ಚುಚ್ಚುತ್ತಿದೆ ಎಂದರು. ದೇವರ ಮುಂದೆ ಅತ್ತಿದ್ದರು, ಆ ವ್ಯಕ್ತಿಯನ್ನೂ ಕಂಡು ಕ್ಷಮೆ ಕೇಳಿದ್ದರು. ಆತ ಕ್ಷಮಿಸಿಯೂ ಇದ್ದ. ಇನ್ನೇನು ಮಾಡಲಿ ಎಂದು ಕೇಳಿದರು. ಸುಳ್ಳನ್ನು ಯಾರು ಯಾರಿಗೆ ಹೇಳಿದ್ದೀರಿ ಎಂದು ನಾನು ಕೇಳಿದೆ. ಅವರ ಮುಖ ಬಿಳಿಚಿತು. ಒಂದು ಹಾಳೆ ಕೊಟ್ಟೆ. ಹೆಸರುಗಳನ್ನು ಬರೆಯುತ್ತ ಹೋದರು, ನಡುವೆ ನಿಲ್ಲಿಸಿ ಯೋಚಿಸುತ್ತ ಇನ್ನೂ ಬರೆದರು. ಒಂದು ಹೆಸರಿನ ಮೇಲೆ ಪೆನ್ನು ನಿಂತಿತು, ಆತ ತೀರಿಕೊಂಡಿದ್ದಾರೆ ಎಂದರು. ತೀರಿಕೊಂಡವರು ಆ ಸುಳ್ಳನ್ನು ನಂಬಿಯೇ ಹೋಗಿದ್ದರು. ಉಳಿದವರ ಮನೆಗಳಿಗೆ ಒಬ್ಬೊಬ್ಬರಾಗಿ ಹೋಗಿ, ನಾನು ಹೇಳಿದ್ದು ಸುಳ್ಳು ಎಂದು ಹೇಳಿ ಬಂದರು. ಅವರು ಹೇಳಿದ್ದನ್ನು ಕೇಳಿದವರು ಮತ್ತೆ ಯಾರಿಗೆ ಹೇಳಿದ್ದರೋ, ಆ ಲೆಕ್ಕ ಹಾಳೆಗೆ ಸಿಗಲಿಲ್ಲ.

ಯಾಜಕಕಾಂಡ 6ರಲ್ಲಿ ಕ್ರಮ ಸ್ಪಷ್ಟವಾಗಿದೆ. ಮೋಸದಿಂದ ತೆಗೆದುಕೊಂಡದ್ದನ್ನು ಪೂರ್ತಿಯಾಗಿ ಕೊಡಬೇಕು, ಮೇಲೆ ಐದರಲ್ಲಿ ಒಂದು ಭಾಗವನ್ನು ಕೂಡಿಸಬೇಕು. ಯಜ್ಞದ ಮಾತು ಆಮೇಲೆ ಬರುತ್ತದೆ. ಸುಂಕದವರ ಮುಖ್ಯಸ್ಥ ಜಕ್ಕಾಯನಿಗೆ ಈ ಐದನೆಯ ಒಂದು ಭಾಗ ಸಾಕಿತ್ತು. ಅವನು ಕುರಿಗಳ್ಳನಿಗೆ ವಿಧಿಸುವ ನಾಲ್ಕರಷ್ಟನ್ನು ತಾನಾಗಿಯೇ ಒಪ್ಪಿಕೊಂಡ (ಲೂಕ 19:8). ಈ ಮನೆಗೆ ಇಂದು ರಕ್ಷಣೆಯಾಯಿತು ಎಂದು ಯೇಸು ಹೇಳಿದ್ದು ಆ ಮಾತನ್ನು ಕೇಳಿದ ಮೇಲೆ. ರಕ್ಷಣೆಯನ್ನು ಹಣ ಕೊಟ್ಟು ಕೊಂಡನೆಂದು ಅರ್ಥವಲ್ಲ, ಯೇಸು ಕರೆಯದೆಯೇ ಮನೆಗೆ ಬಂದಾಗಿತ್ತು.

ಹಾಗೆಂದು ನಿಮ್ಮ ತಂದೆ ಏನು ಹಿಂದಿರುಗಿಸಬಲ್ಲರು? ಬಾಲ್ಯವನ್ನು ನಾಲ್ಕರಷ್ಟು ಕೊಡಲಾಗುವುದಿಲ್ಲ. ಆದರೆ ಚಿಲಕದ ಮಾತನ್ನು ಅವರು ಒಮ್ಮೆ ಪೂರ್ತಿಯಾಗಿ ಕೇಳಬೇಕು, ಎದುರುತ್ತರ ಕೊಡದೆ. ನಿಮಗೆ ಹೇಳಲು ಮನಸ್ಸಿದ್ದರೆ ಮಾತ್ರ.

ಹೆಸರು ಬೇಡ

ಯೋಚಿಸುತ್ತೇನೆ ಅಯ್ಯನವರೇ. ಬಾಲ್ಯವನ್ನು ಕೊಡಲಾಗುವುದಿಲ್ಲ ಎಂದು ಒಬ್ಬರಾದರೂ ಹೇಳಿದಿರಿ.

ವಿಜಯಧ್ವಜ

ನನ್ನ ಮಾತು ಕಠಿಣವಾಗಿ ಕಂಡಿದ್ದರೆ ಬಿಡಿ. ಆದರೂ ನಿಯಮ ನಿಯಮವೇ. ರೋಗವೂ ನಷ್ಟವೂ ಸುಮ್ಮನೆ ಬರುವುದಿಲ್ಲ. ಯೋಬ 4:8 ನೋಡಿ, ಅಧರ್ಮವನ್ನು ಉತ್ತು ಕೇಡನ್ನು ಬಿತ್ತುವವರು ಅದನ್ನೇ ಕೊಯ್ಯುವರು. ಬೆಳೆ ನೋಡಿದರೆ ಬೀಜ ಗೊತ್ತಾಗುತ್ತದೆ.

ಹಳೆಯ ಸುರುಳಿ

ವಿಜಯಧ್ವಜರೇ, ಆ ಮಾತನ್ನು ಹೇಳಿದವನು ಯಾರೆಂದು ನೋಡಿದಿರಾ? ಎಲೀಫಜ. ತನ್ನ ತಪ್ಪಿಲ್ಲದೆ ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತ ಮಿತ್ರ ಯೋಬನ ಮುಂದೆ ಹೇಳಿದ. ಪುಸ್ತಕದ ಕೊನೆಯಲ್ಲಿ ದೇವರು ಇದೇ ಎಲೀಫಜನನ್ನು ಹೆಸರು ಹಿಡಿದು ಕರೆದು, ನಿನ್ನ ಮೇಲೂ ನಿನ್ನ ಇಬ್ಬರು ಮಿತ್ರರ ಮೇಲೂ ಕೋಪಗೊಂಡಿದ್ದೇನೆ, ನೀವು ನನ್ನ ವಿಷಯದಲ್ಲಿ ಯೋಬನಂತೆ ಸರಿಯಾಗಿ ಮಾತನಾಡಲಿಲ್ಲ ಎನ್ನುತ್ತಾನೆ (42:7). ಬೈಬಲಿನಲ್ಲಿ ಇರುವ ಮಾತೆಲ್ಲ ಬೈಬಲ್ ಒಪ್ಪುವ ಮಾತಲ್ಲ. ಎಲೀಫಜನ ಸಿದ್ಧಾಂತ ಮೇಲ್ನೋಟಕ್ಕೆ ಪೌಲನದೇ. ಕೆಟ್ಟದ್ದು ಅದನ್ನು ತಿರುಗಿಸಿ ಹಿಡಿದದ್ದು: ಇವನು ನರಳುತ್ತಿದ್ದಾನೆ, ಆದ್ದರಿಂದ ಇವನು ಬಿತ್ತಿರಲೇಬೇಕು.

ಯೇಸುವಿನ ಮುಂದೆ ಈ ತಿರುಗಿಸಿದ ಲೆಕ್ಕವನ್ನು ಇಟ್ಟಾಗಲೆಲ್ಲ ಅವನು ಒಪ್ಪಲಿಲ್ಲ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಪಾಪ ಯಾರದು, ಇವನದೋ ತಂದೆತಾಯಿಗಳದೋ ಎಂದು ಎರಡೇ ದಾರಿ ಕೊಟ್ಟರು, ಅವನು ಎರಡನ್ನೂ ಬಿಟ್ಟ (ಯೋಹಾನ 9:3). ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರಲ್ಲ ಎಂದ (ಲೂಕ 13:4-5). ಆದರೆ ಅಲ್ಲಿಗೇ ಬಿಡಲಿಲ್ಲ. ನೀವು ಮಾನಸಾಂತರ ಹೊಂದದಿದ್ದರೆ ನಿಮಗೂ ನಾಶವೇ ಎಂದು ಕೇಳಲು ಬಂದವರ ಕಡೆಗೇ ತಿರುಗಿಸಿದ. ಬಿತ್ತುವ ಕೊಯ್ಯುವ ಮಾತನ್ನು ನಾನು ನನಗೆ ಹೇಳಿಕೊಳ್ಳಬಹುದು. ಪಕ್ಕದವರ ಆಸ್ಪತ್ರೆಯ ಹಾಸಿಗೆಯ ಬಳಿ ಅದನ್ನು ತೆಗೆದರೆ ನಾನು ಎಲೀಫಜ.

ಕಡೆಯ ಬೆಂಚು

ವಿಚಿತ್ರವೆಂದರೆ ಪೌಲ 1 ಕೊರಿಂಥ 3:19ರಲ್ಲಿ ಇದೇ ಎಲೀಫಜನ ಮಾತನ್ನು ಉದ್ಧರಿಸುತ್ತಾನೆ. ಎಲೀಫಜ ಹೇಳಿದ್ದೆಲ್ಲ ಸುಳ್ಳೂ ಅಲ್ಲ.

ಹಳೆಯ ಸುರುಳಿ

ಅಲ್ಲವೇ ಅಲ್ಲ. ನಿಜವಾದ ಮಾತನ್ನು ತಪ್ಪಾದ ಮನುಷ್ಯನಿಗೆ ಹೇಳಿದ, ಅಷ್ಟೇ. ಆದರೆ ಅಷ್ಟಕ್ಕೇ ದೇವರಿಗೆ ಕೋಪ ಬಂತು.

ಸಂದೇಹಿ ತೋಮ

ಇಲ್ಲಿಯವರೆಗೆ ಬಂದಿದ್ದೇವೆಂದ ಮೇಲೆ ಕೇಳಿಬಿಡುತ್ತೇನೆ. ಇದಕ್ಕೂ ಕರ್ಮಫಲಕ್ಕೂ ಏನು ವ್ಯತ್ಯಾಸ? ಜಗಳ ತೆಗೆಯಲು ಕೇಳುತ್ತಿಲ್ಲ.

ಜಪಮಣಿ

ಬಹಳಷ್ಟು ದೂರ ಜೊತೆಗೇ ನಡೆಯುತ್ತವೆ. ಮಾಡಿದ್ದು ವ್ಯರ್ಥವಾಗಿ ಕಳೆದುಹೋಗುವುದಿಲ್ಲ ಎಂಬುದರಲ್ಲಿ ಇಬ್ಬರೂ ಒಂದೇ. ಬೇರೆಯಾಗುವುದು ಎರಡು ಕಡೆ ಎಂದು ನನಗೆ ಕಾಣುತ್ತದೆ. ಮನುಷ್ಯರು ಸಾಯುವುದು ಒಂದೇ ಸಾರಿ ಎಂದು ಇಬ್ರಿಯ 9:27 ಹೇಳುತ್ತದೆ, ಆದ್ದರಿಂದ ಈಗಿನ ಕಷ್ಟವನ್ನು ಹಿಂದಿನ ಜನ್ಮದ ಲೆಕ್ಕಕ್ಕೆ ಬರೆಯಲು ಇಲ್ಲಿ ಜಾಗವಿಲ್ಲ. ಕೆಲವು ಕಷ್ಟಗಳಿಗೆ ಲೆಕ್ಕವೇ ಸಿಗುವುದಿಲ್ಲ, ಯೋಬನಿಗೆ ಸಿಗಲಿಲ್ಲ. ಎರಡನೆಯದು, ಗಲಾತ್ಯದ ಆ ವಚನ ನಿಯಮದ ಮಾತಿಗೆ ಮೊದಲು ದೇವರ ಮಾತು ಹೇಳುತ್ತದೆ, ಅವನನ್ನು ಅಪಹಾಸ್ಯ ಮಾಡಿ ದಕ್ಕಿಸಿಕೊಳ್ಳಲಾಗದು ಎಂದು. ಅದೇ ಪತ್ರದ 3:13ರಲ್ಲಿ ಕ್ರಿಸ್ತನು ನಮಗೋಸ್ಕರ ಶಾಪವಾದನು ಎಂದಿದೆ. ತಾನು ಬಿತ್ತದೇ ಇದ್ದುದನ್ನು ಒಬ್ಬನು ಬೇಕೆಂದೇ ಕೊಯ್ದ. ನಿಮ್ಮ ಹಿಂದಿನ ದೂರು ನೆನಪಿದೆಯೆ ತೋಮ ಅವರೇ, ಬಿತ್ತಿದವನೊಬ್ಬ ಕೊಯ್ದವನೊಬ್ಬ ಎಂದು? ಶಿಲುಬೆಯಲ್ಲಿ ಅದೇ ಅನ್ಯಾಯವನ್ನು ದೇವರು ತನ್ನ ಮೇಲೆ ಎಳೆದುಕೊಂಡ ಎಂಬುದು ನಮ್ಮ ನಂಬಿಕೆ. ತಾಮಾರಳಿಗೆ ಅದು ಉತ್ತರವಾಗುತ್ತದೆಯೆ ಎಂದು ಕೇಳಿದರೆ, ಉತ್ತರವೆನ್ನಲಾರೆ. ಅವಳು ಒಂಟಿಯಲ್ಲ ಎನ್ನಬಲ್ಲೆ.

ಸಂದೇಹಿ ತೋಮ

ಇದನ್ನು ಒಪ್ಪಲು ನನಗೆ ಸಮಯ ಬೇಕು. ಆದರೆ ಉತ್ತರವೆನ್ನಲಾರೆ ಎಂದದ್ದಕ್ಕೆ ವಂದನೆ.

ವಿಜಯಧ್ವಜ

ಸರಿ, ಕೆಟ್ಟದ್ದನ್ನೇ ಏಕೆ ಮಾತನಾಡುತ್ತೀರಿ? ಒಳ್ಳೆಯದನ್ನು ಬಿತ್ತಿದರೆ ಆಶೀರ್ವಾದ ನೂರ್ಮಡಿ. ಹೆಚ್ಚಾಗಿ ಬಿತ್ತುವವನು ಹೆಚ್ಚಾಗಿ ಕೊಯ್ಯುತ್ತಾನೆ, 2 ಕೊರಿಂಥ 9:6. ಬೆಳೆಯಾಗಿ ಮರಳುತ್ತದೆಂದು ನಂಬಿ ಬೀಜದ ಕಾಣಿಕೆ ಕೊಟ್ಟು ಸಾಲದಿಂದ ಹೊರಬಂದವರನ್ನು ನಾನು ಬಲ್ಲೆ.

ಸಭೆಯ ಹಿರಿಯ

ಕೊಟ್ಟು ಸಾಲದಲ್ಲಿ ಬಿದ್ದವರನ್ನು ನಾನು ಬಲ್ಲೆ. ಅವರು ಸಾಕ್ಷಿ ಹೇಳಲು ಬರುವುದಿಲ್ಲ.

ಆ ಅಧ್ಯಾಯದ ಹಣ ಎಲ್ಲಿಗೆ ಹೋಯಿತೆಂದು ನೋಡಿ. ಯೆರೂಸಲೇಮಿನ ಬಡವರಿಗೆ (ರೋಮಾ 15:26). ಹಣ ತಲುಪಿಸಲು ಕೊರಿಂಥದವರು ತಾವೇ ಆರಿಸಿದವರನ್ನು ಕಳುಹಿಸಲಿ ಎಂದು ಪೌಲ ಬರೆದ (1 ಕೊರಿಂಥ 16:3), ತನ್ನ ಚೀಲಕ್ಕೆ ಹಾಕಿರಿ ಎಂದಿಲ್ಲ. 2 ಕೊರಿಂಥ 9:10ರಲ್ಲಿ ವೃದ್ಧಿಯಾಗುವುದು ನಿಮ್ಮ ನೀತಿಯ ಫಲ. ಹಸಿದವನ ಹೊಟ್ಟೆ ತುಂಬುವುದು, ಅವನು ದೇವರನ್ನು ಕೊಂಡಾಡುವುದು, ಆ ಬೆಳೆ ಅದು.

ಗಲಾತ್ಯ 6ರಲ್ಲಿಯೂ ಬಿತ್ತನೆಯ ಮಾತಿಗೆ ಹಿಂದಿನ ವಚನ, ವಾಕ್ಯ ಕಲಿಸಿದವನೊಡನೆ ಒಳ್ಳೆಯದನ್ನು ಹಂಚಿಕೊಳ್ಳಿರಿ ಎಂದು. ಅದಕ್ಕೂ ಮೊದಲು, ತಪ್ಪಿನಲ್ಲಿ ಸಿಕ್ಕಿಬಿದ್ದವನನ್ನು ಸೌಮ್ಯವಾಗಿ ಸರಿಪಡಿಸಿರಿ (6:1), ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿರಿ (6:2). ನಂತರ, ಒಳ್ಳೆಯದನ್ನು ಮಾಡುವುದರಲ್ಲಿ ಬೇಸರಗೊಳ್ಳದೆ ಇರೋಣ, ತಕ್ಕ ಸಮಯದಲ್ಲಿ ಕೊಯ್ಯುವೆವು (6:9). ಈ ಸಾಲುಗಳ ನಡುವಿನಿಂದ ಏಳನೆಯ ವಚನವನ್ನು ಮಾತ್ರ ಕಿತ್ತು ಗೋಡೆಗೆ ಬರೆದರೆ ಅದು ಬೆದರಿಕೆಯಾಗುತ್ತದೆ. ಇದ್ದ ಜಾಗದಲ್ಲಿ ಓದಿದರೆ, ದಣಿದ ಜನರಿಗೆ ಪೌಲ ಕೊಟ್ಟ ಧೈರ್ಯವೂ ಹೌದು. ಟೀಚರಮ್ಮ, ಮಕ್ಕಳಿಗೆ ಒಂದರಿಂದ ಹತ್ತರವರೆಗೆ ಒಟ್ಟಿಗೆ ಓದಿಸಿ.

ಭಾನುವಾರದ ಟೀಚರ್

ಹಾಗೆಯೇ ಮಾಡುತ್ತೇನೆ ಅಯ್ಯನವರೇ. ನನಗೆ ಇನ್ನೊಂದು ತೊಡಕು ಉಳಿದಿದೆ. ಒಳ್ಳೆಯದನ್ನು ಬಿತ್ತಿ ಏನೂ ಕೊಯ್ಯದೆ ಹೋದವರ ಕಥೆ ಏನು? ಜೀವನವಿಡೀ ಯಾರದೋ ಸೇವೆ ಮಾಡಿ, ಒಂದು ಒಳ್ಳೆಯ ಮಾತನ್ನೂ ಕೇಳದೆ ಹೋದ ಹೆಂಗಸರನ್ನು ನಾವೆಲ್ಲ ಕಂಡಿದ್ದೇವೆ.

ಹಳೆಯ ಸುರುಳಿ

ಬಿತ್ತುವವನೊಬ್ಬನು, ಕೊಯ್ಯುವವನು ಮತ್ತೊಬ್ಬನು ಎಂದು ಯೇಸುವೇ ಹೇಳಿದ್ದಾನೆ (ಯೋಹಾನ 4:37). ನೀವು ಕಷ್ಟಪಡದ ಬೆಳೆಯನ್ನು ಕೊಯ್ಯಲು ನಿಮ್ಮನ್ನು ಕಳುಹಿಸಿದೆನು ಎಂದು ಶಿಷ್ಯರಿಗೆ ನೆನಪಿಸುತ್ತಾನೆ. ಪೌಲನ ಜೊತೆ ಸೇವೆ ಮಾಡಿದ ತಿಮೊಥೆಯನ ನಂಬಿಕೆ ಮೊದಲು ಅಜ್ಜಿ ಲೋವಿಯಲ್ಲಿ, ತಾಯಿ ಯೂನಿಕೆಯಲ್ಲಿ ಇತ್ತು ಎಂದು ಪೌಲ ಬರೆಯುತ್ತಾನೆ (2 ತಿಮೊಥೆ 1:5). ಲೋವಿಯ ಹೆಸರು ಇಡೀ ಬೈಬಲಿನಲ್ಲಿ ಆ ಒಂದೇ ಕಡೆ ಬರುತ್ತದೆ. ಮೊಮ್ಮಗನ ಹೆಸರಿನಲ್ಲಿ ಎರಡು ಪತ್ರಗಳಿವೆ.

ಅಡವಿಯ ತಲೆಮಾರಿನ ಮಕ್ಕಳು ತಂದೆಯರ ಅವಿಶ್ವಾಸವನ್ನು 40 ವರ್ಷ ಹೊತ್ತರು ಎಂದರೆ, ತಿಮೊಥೆ ಅಜ್ಜಿಯ ವಿಶ್ವಾಸವನ್ನು ಹೊತ್ತ. ತಲೆಮಾರು ದಾಟುವುದು ಕೆಟ್ಟದ್ದು ಮಾತ್ರವಲ್ಲ. ವಿಮೋಚನಕಾಂಡ 20ರಲ್ಲಿ ದಂಡನೆ ಮೂರು ನಾಲ್ಕು ತಲೆಮಾರು, ದಯೆ ಸಾವಿರ. ಆ ಮೂರು ನಾಲ್ಕನ್ನು ಹಿಡಿದು ಜನರು, ತಂದೆ ಹುಳಿ ದ್ರಾಕ್ಷಿ ತಿಂದ, ನಮ್ಮ ಹಲ್ಲು ಚುಳ್ಳೆಂದಿತು ಎಂದು ಕೈಕಟ್ಟಿ ಕೂತಾಗ ಪ್ರವಾದಿ ಯೆಹೆಜ್ಕೇಲ ಆ ಗಾದೆಯನ್ನೇ ನಿಲ್ಲಿಸಿ ಎಂದ (18:2-3). ಮಗ ತಂದೆಯ ಅಪರಾಧವನ್ನು ಹೊರುವುದಿಲ್ಲ. ತಂದೆಯ ಕೃತ್ಯದ ಪೆಟ್ಟು ಮಗನಿಗೆ ತಗಲುತ್ತದೆ, ಅಪರಾಧ ಅಂಟುವುದಿಲ್ಲ. ಹೆಸರು ಬೇಡ ಎಂದು ಬರೆದ ಸಹೋದರಿಗೆ ಇದನ್ನು ವಿಶೇಷವಾಗಿ ಹೇಳಬೇಕೆನಿಸಿತು.

ಹೆಸರು ಬೇಡ

ಓದಿದೆ ಅಣ್ಣ. ಮಗಳ ವಿಷಯದಲ್ಲಿ ನಾನು ನನ್ನನ್ನೇ ದೂರಿಕೊಳ್ಳುತ್ತಿದ್ದೆ.

ಕಡೆಯ ಬೆಂಚು

ಗಾದೆ ಸಾಕು ಎಂದಿದ್ದವನು ನಾನು. ಸಾಲದು ಎಂದು ಈಗ ಒಪ್ಪುತ್ತೇನೆ. ಒಂದು ಉಳಿಯಿತು: 1 ಕೊರಿಂಥ 3:12-15. ಚಿನ್ನ ಬೆಳ್ಳಿಯಿಂದ ಕಟ್ಟಿದ್ದು ಉಳಿಯುತ್ತದೆ, ಹುಲ್ಲು ಆಪುಗಳಿಂದ ಕಟ್ಟಿದ್ದು ಸುಟ್ಟುಹೋಗುತ್ತದೆ, ಕಟ್ಟಿದವನು ಮಾತ್ರ ಬೆಂಕಿಯೊಳಗಿಂದ ತಪ್ಪಿಸಿಕೊಂಡವನಂತೆ ರಕ್ಷಣೆ ಹೊಂದುತ್ತಾನೆ. ಅಂದರೆ ಪರಲೋಕದ ಬಾಗಿಲಲ್ಲಿಯೂ ನಷ್ಟ ಎಂಬುದು ಇದೆಯೆ?

ಜಪಮಣಿ

ಈ ವಚನವನ್ನೇ ನೋಡಿ ನಮ್ಮವರು ಶುದ್ಧೀಕರಣ ಸ್ಥಳದ ಮಾತು ತೆಗೆಯುವುದು. ನೀವೇ ಬೇಡವೆಂದಿದ್ದಿರಿ!

ಕಡೆಯ ಬೆಂಚು

ಈಗ ಬೇಕು. ಬೇರೆ ಎಳೆ ತೆರೆಯಿರಿ, ಅಲ್ಲಿ ಜಗಳವಾಡೋಣ. ವಿಜಯಧ್ವಜರನ್ನೂ ಕರೆಯಿರಿ, ಅವರಿಲ್ಲದಿದ್ದರೆ ಹಳೆಯ ಸುರುಳಿ ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ.